ಯಾವ ಮಣ್ಣು ಎಂದು ಬರೆಯದೆ ಬಿಟ್ಟಿದ್ದು

"ನಮ್ಮ ಕಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಬೇಸಿಗೆಯಲ್ಲೂ ಫ್ಯಾನು ಬೇಕಾಗುತ್ತಿರಲಿಲ್ಲ. ಮರದ ಜಂತಿಯ ಮೇಲೆ ಹಾಸಿದ ಮಣ್ಣು ಬಿಸಿಲನ್ನು ತಾನೇ ತಡೆದುಕೊಳ್ಳುತ್ತಿತ್ತು. ಈಗ ಆ ಮಣ್ಣು ತೆಗೆದು ತಗಡು ಹೊದಿಸಿದ್ದೇವೆ. ಮಧ್ಯಾಹ್ನ ಒಳಗೆ ಕೂರಲಾಗದೆ ಕೂಲರ್ ತಂದಿದ್ದೇವೆ. ಕರೆಂಟ್ ಹೋದರೆ ಗಿಡದ ನೆರಳು ಹುಡುಕುತ್ತೇವೆ. ನಿಮ್ಮ ಮನೆಯ ತೊಲೆ, ಜಂತಿ ಇನ್ನೂ ಗಟ್ಟಿಯಿದ್ದರೆ ತಗಡು ಇಳಿಸಿ. ಗೇಣು ದಪ್ಪ ಮಣ್ಣು ಹಾಕಿ ಬಡಿಯಿರಿ. ಕರೆಂಟ್ ಬಿಲ್ ನೋಡಿ ನನಗೆ ಹೇಳಿ."

ಇದು ಮೇಘಾ ಮಾರ್ಚ್ ತಿಂಗಳಲ್ಲಿ ಬರೆದದ್ದು. ಬ್ಯಾಡಗಿಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ. ರಾಣೆಬೆನ್ನೂರಿನ ಒಂದು ಆಫೀಸಿನಲ್ಲಿ ಮನೆಗಳ ನಕ್ಷೆ ತೆಗೆಯುತ್ತಾಳೆ. ನಾಲ್ಕು ವರ್ಷದಿಂದ ಪ್ರತಿ ರವಿವಾರ ಬ್ಲಾಗ್ ಬರೆಯುತ್ತಾಳೆ: ಕಿಟಕಿ ಯಾವ ದಿಕ್ಕಿಗಿರಬೇಕು, ಕರೆಂಟ್ ಎಲ್ಲಿ ಉಳಿಯುತ್ತದೆ, ಇಂಥದ್ದೇ. ಹಾಕುವ ಮೊದಲು ನನ್ನ ಮುಂದೆ ಓದುತ್ತಾಳೆ. "ಅಜ್ಜಿ, ನಿನಗ ತಿಳೀತಂದ್ರ ಎಲ್ಲಾರಿಗೂ ತಿಳಿದಂಗ" ಎನ್ನುತ್ತಾಳೆ. ಮಾಳಿಗೆಯ ಸಂಗತಿ ಅವಳಿಗೆ ಹೇಳಿದವಳೂ ನಾನೇ.

ಜುಲೈದಲ್ಲಿ ಜಿಟಿಜಿಟಿ ಮಳೆ ಹಿಡಿದ ನಾಲ್ಕನೆಯ ದಿನ, ಮಧ್ಯಾಹ್ನ, ಮೇಘಾ ಫೋನು ಹಿಡಿದು ಓಡಿ ಬಂದಳು. ಕದರಮಂಡಲಗಿಯ ಶ್ವೇತಾ ಎಂಬವಳು ಬರೆದಿದ್ದಳು: "ಅಕ್ಕಾರ, ನಿಮ್ಮ ಬ್ಲಾಗ್ ಓದಿ ನಮ್ಮ ಮಾವ ತಗಡು ತಗದು ಹೊಲದ ಮಣ್ಣು ಹಾಕಿಸ್ಯಾರ. ಮುಂಜಾನಿಂದ ಮ್ಯಾಲೆ ಕಿರ್ ಕಿರ್ ಅನ್ನಾಕತ್ತೈತಿ. ಕರೀ ನೀರು ಸೋರಾಕತ್ತೈತಿ."

"ಯಾವ ಹೊಲದ ಮಣ್ಣವಾ?" ಎಂದೆ.

"ಎರಿಹೊಲದ್ದಂತ."

ಮಾಳಿಗೆಗೆ ಹಾಕುವುದು ಸವಳು, ಉಪ್ಪಿನಂಶದ ಬಿಳಿ ಮಣ್ಣು. ಮಳೆನೀರು ಅದರ ಮೇಲಿಂದ ಜಾರಿ ಹೋಗುತ್ತದೆ. ಎರೆ ಎಂದರೆ ಹತ್ತಿ ಬೆಳೆಯುವ ಕಪ್ಪು ಮಣ್ಣು, ಅದು ನೀರು ಕುಡಿದು ಹೆಣಭಾರವಾಗುತ್ತದೆ. ನಮ್ಮ ಕಾಲದಲ್ಲಿ ಮಾಳಿಗೆಯ ಮಣ್ಣು ಎಂದರೆ ಸವಳೇ, ಹೆಸರು ಹೇಳುವ ರೂಢಿಯೇ ಇರಲಿಲ್ಲ. ನಾನು ಹೇಳಲಿಲ್ಲ, ಅವಳು ಬರೆಯಲಿಲ್ಲ. ಓದಿ ತೋರಿಸಿದಾಗ ಹೂಂ ಎಂದು ತಲೆಯಾಡಿಸಿದ್ದೆ.

"ಹೊರಗ ಬರ್ರಿ" ಎಂದು ಮೇಘಾ ಫೋನು ಮಾಡಿದರೆ ಶ್ವೇತಾ "ಮಾವ ಏಳವಲ್ರು" ಎಂದು ಅಳತೊಡಗಿದಳು. ನಮ್ಮ ಓಣಿಯ ರಮಜಾನನ ಆಟೋದಲ್ಲಿ ಹೊರಟೆವು. ದಾರಿಯುದ್ದಕ್ಕೂ ಮೇಘಾ ನನ್ನ ಸೆರಗಿನ ತುದಿ ಹಿಡಿದಿದ್ದಳು.

ಶ್ವೇತಾ ಕೂಸನ್ನು ಎತ್ತಿಕೊಂಡು ಅಂಗಳದಲ್ಲಿ ತೋಯುತ್ತ ನಿಂತಿದ್ದಳು. ಮಾವ ವಿರೂಪಾಕ್ಷಪ್ಪ ಪಡಸಾಲೆಯಲ್ಲಿ ಗೋಡೆಗೊರಗಿ ಕುಳಿತಿದ್ದರು. ಮೇಲೆ ನಡುತೊಲೆ ಬಾಗಿತ್ತು.

"ನೀನ ಏನ ಬರದಾಕಿ? ಓದಿದ್ರ ಯಾರೋ ದೊಡ್ಡಾಕಿ ಅನಿಸ್ತಿತ್ತು. ಗುಬ್ಬಿಯಂಗ ಅದೀಯಲ್ಲವಾ!" ಎಂದರು ಅವರು, ಮೇಘಾಳನ್ನು ನೋಡಿ.

"ಬೈಯೂದಿದ್ರ ಹೊರಗ ಬಂದು ಬೈರಿ, ಅಜ್ಜಾರ," ಎಂದಳು ಮೇಘಾ.

"ಇವು ನಮ್ಮಪ್ಪ ಇಟ್ಟ ತೊಲಿ. ನನಗಿಂತ ಗಟ್ಟಿ ಅದಾವ. ನಡಿ ನಡಿ."

ಮೇಘಾ ಒಳಗೆ ಹೋಗಿ ಅವರ ಪಕ್ಕದಲ್ಲೇ ಕುಳಿತುಬಿಟ್ಟಳು. "ನೀವು ಏಳೂತನಕ ನಾನೂ ಏಳಂಗಿಲ್ರಿ."

ನಾನು ಹೊಸ್ತಿಲಲ್ಲಿ ನಿಂತಿದ್ದೆ. ಬಾ ಎಂದು ಮೇಘಾಳಿಗೆ ಕೈ ಬೀಸಿದೆ. ಅವಳ ಮಗ್ಗುಲಿಗೆ ಮೇಲಿನಿಂದ ಹಸಿ ಮಣ್ಣಿನ ಹೆಂಟೆಯೊಂದು ಬಿತ್ತು.

"ಹುಚ್ಚ ಖೋಡಿ! ಯಾರ ಮಗಳೋ ಏನೋ, ನನ್ನ ತಲಿಗೆ ಬಂದೈತಿ" ಎಂದು ಬೈಯುತ್ತಲೇ ಅಜ್ಜ ಎದ್ದರು.

ಇಬ್ಬರೂ ಅಂಗಳಕ್ಕೆ ಇಳಿದು ನಾಲ್ಕು ಹೆಜ್ಜೆ ಬಂದಿರಬೇಕು, ತೊಲೆ ಮುರಿಯಿತು. ದಬ್ ಎಂದ ಸದ್ದಿನ ಹಿಂದೆಯೇ ಹಸಿಮಣ್ಣಿನ ಗಾಳಿ ಮುಖಕ್ಕೆ ಬಡಿಯಿತು. ಅವರಿಬ್ಬರು ಕುಳಿತಿದ್ದ ಜಾಗ ಕಾಣಲಿಲ್ಲ. ಅಜ್ಜ ಬೈಯುವುದನ್ನು ಮರೆತು ಮೇಘಾಳ ರಟ್ಟೆ ಹಿಡಿದರು.

ಮನೆಗೆ ಬಂದವಳೇ ಮೇಘಾ ಬ್ಲಾಗಿನ ತಲೆಗೆ ದೊಡ್ಡ ಅಕ್ಷರದಲ್ಲಿ ಬರೆದಳು: "ತಪ್ಪು ನನ್ನದು. ಸವಳು ಮಣ್ಣಲ್ಲದೆ ಬೇರೆ ಹಾಕಿದ್ದರೆ ಈಗಲೇ ಹೊರಗೆ ಬನ್ನಿ." ಓದಿ ಉತ್ತರ ಬರೆದಿದ್ದವರಿಗೆ ಒಬ್ಬೊಬ್ಬರಾಗಿ ತಿಳಿಸಿದಳು. ಹಲಗೇರಿಯ ಒಬ್ಬರು ಮಾತ್ರ ಸಿಗದೆ ಉಳಿದರು. ಮೇ ತಿಂಗಳಲ್ಲಿ "ನಾವೂ ಹಾಕೇವಿ, ಮನಿ ಭಾಳ ತಂಪೈತಿ" ಎಂದು ಬರೆದಿದ್ದವರು. ಹೆಸರಿಲ್ಲ, ನಂಬರಿಲ್ಲ. ಮರುದಿನ ಬೆಳಗಾದರೂ ಅವರಿಂದ ಉತ್ತರವಿಲ್ಲ, ಮಳೆಯೂ ನಿಂತಿರಲಿಲ್ಲ. ಎಂಟರ ಬಸ್ಸಿಗೆ ಹಲಗೇರಿಗೆ ಹೋಗಿ ಮನೆ ಮನೆ ಕೇಳುವುದೆಂದು ಇಬ್ಬರೂ ಮಾತಾಡಿಕೊಂಡೆವು.

ಬಸ್ಸಿಗೆ ಇನ್ನೂ ಹೊತ್ತಿತ್ತು, ಅಷ್ಟರಲ್ಲಿ ನಳಕ್ಕೆ ನೀರು ಬಂತು. ಮೇಘಾ ಉತ್ತರ ಬಂದರೆ ಕಾಣುವಂತೆ ಫೋನನ್ನು ಕಿಟಕಿಯಲ್ಲಿಟ್ಟು, ಕೊಡ ತೊಳೆದು ನಳದ ಕೆಳಗೆ ಹಿಡಿದಳು. ಒಂದು ತುಂಬಿತು. ಅದನ್ನು ಸರಿಸಿ ಇನ್ನೊಂದನ್ನು ಇಟ್ಟಳು.