ಕಡುಹಸಿರು ಸೀರೆ ಗಿಳಿಹಸಿರಾದದ್ದು

ಕುಷ್ಟಗಿಯ ನಮ್ಮ ಸೀರೆ ಅಂಗಡಿಯ ಮಹಡಿಯಲ್ಲಿ ಒಂದು ಸಣ್ಣ ಕೋಣೆ ಇದೆ. ಮದುವೆಯಾಗಿ ಬಂದ ಎರಡನೆಯ ವರ್ಷದಿಂದ ನನ್ನ ಹಗಲುಗಳೆಲ್ಲ ಅಲ್ಲೇ ಕಳೆದಿವೆ. ಅಂಗಡಿ ಅತ್ತೆಯದು. ಮಾವ ತೀರಿಕೊಂಡ ಮೇಲೆ ಸುತ್ತಲಿನ ಹಳ್ಳಿಗಳ ಮಗ್ಗದವರಿಂದ ಸೀರೆ ತಂದು, ಅದನ್ನು ಒಬ್ಬರೇ ನಡೆಸಿಕೊಂಡು ಬಂದವರು ಅವರು. ನಾನು ಬಿ.ಕಾಂ. ಓದಿದವಳು, ಲ್ಯಾಪ್‌ಟಾಪ್ ಬಲ್ಲವಳು ಎಂದು ಸೀರೆಗಳ ವಿಡಿಯೊ ಮಾಡಿ, ಕತ್ತರಿಸಿ ಜೋಡಿಸಿ, ಫೋನಿನಲ್ಲಿ ಗಿರಾಕಿಗಳಿಗೆ ಕಳಿಸುವ ಕೆಲಸ ನನ್ನ ಪಾಲಿಗೆ ಬಂತು. ಸೆರಗು ಹಾರಬಾರದೆಂದು ಫ್ಯಾನ್ ಬಂದ್, ಬೀದಿಯ ಸದ್ದು ಬರಬಾರದೆಂದು ಕಿಟಕಿ ಬಂದ್. ಬೆವರು ಸೀರೆಗೆ ತಾಗೀತೆಂದು ಹೆಗಲ ಮೇಲೆ ಸದಾ ಒಂದು ಟವೆಲ್ಲು. ಮೊದಮೊದಲು ಇದೆಲ್ಲ ನನಗೆ ಹೆಮ್ಮೆಯೇ ಆಗಿತ್ತು.

ಆ ವರ್ಷ ನನ್ನ ಗಂಡ ಹೊಸ ಫೋನ್ ತಂದುಕೊಟ್ಟರು. ಹಳೆಯದರಲ್ಲಿ ಜರಿ ಮಸುಕಾಗಿ ಕಾಣುತ್ತದೆ ಎಂದು ನಾನೇ ಹಟ ಹಿಡಿದಿದ್ದೆ. ಅದು ಬಂದ ಮೂರನೆಯ ವಾರಕ್ಕೆ ಗಂಗಾವತಿಯಿಂದ ಒಬ್ಬ ಹೆಣ್ಣುಮಗಳು ಬೆಳಗಿನ ಬಸ್ಸಿಗೇ ಬಂದಿಳಿದರು. ನನ್ನ ವಿಡಿಯೊ ನೋಡಿ ಸೀರೆ ತರಿಸಿಕೊಂಡವರು. ಅತ್ತೆ "ಬರ್ರಿ ಅಕ್ಕಾರ, ಕುಂದರ್ರಿ" ಅಂದರೂ ಅವರು ಕೂರಲಿಲ್ಲ. ಕೈಚೀಲದಿಂದ ಸೀರೆ ತೆಗೆದು ಗಾದಿಯ ಮೇಲೆ ಹಾಸಿದರು.

"ನಾಡಿದ್ದ ನನ್ನ ಬಸುರಿ ಮಗಳ ಕುಬಸ ಐತ್ರಿ. ಕುಬಸಕ್ಕ ಕರಿ ಸೀರಿ ಉಡಸ್ತಾರೇನ್ರಿ?"

"ಕರಿ ಅಲ್ರಿ ಅದು, ಕಡುಹಸಿರು," ಅಂದರು ಅತ್ತೆ.

"ನೀವು ತೋರ್ಸಿದ್ದು ಗಿಳಿಹಸರ್ರಿ. ಇಲ್ಲಿ ನೋಡ್ರಿ." ಅವರು ತಮ್ಮ ಫೋನ್ ಮುಂದೆ ಹಿಡಿದರು.

ನಾನು ಮೆಟ್ಟಿಲ ಮೇಲೆ ನಿಂತೇ ಬಗ್ಗಿ ನೋಡಿದೆ. ಅದು ನನ್ನದೇ ವಿಡಿಯೊ. ದಡಿಯನ್ನು ನೇವರಿಸುತ್ತಿದ್ದದ್ದು ನನ್ನದೇ ಕೈ. ಆದರೆ ಆ ಸೀರೆ ಎಳೆ ಭತ್ತದ ಗದ್ದೆಯ ಹಾಗೆ ತಿಳಿಯಾಗಿ ಹೊಳೆಯುತ್ತಿತ್ತು. ನನ್ನ ಕೈ ಕೂಡ ಸುಣ್ಣ ಮೆತ್ತಿದ ಹಾಗೆ ಬಿಳಿಚಿಕೊಂಡಿತ್ತು.

ಅತ್ತೆ ನನ್ನ ಕಡೆ ತಿರುಗಿದರು. "ಫಿಲ್ಟರ್ ಹಾಕೀಯೇನ ನೀ?"

"ಇಲ್ರಿ ಅತ್ತಿ. ಏನೂ ಹಾಕಿಲ್ಲ. ಬರ್ರಿ, ಲ್ಯಾಪ್‌ಟಾಪ್‌ನ್ಯಾಗ ನೋಡ್ರಿ."

ಅತ್ತೆ ಏದುಸಿರು ಬಿಡುತ್ತ ಮೇಲೆ ಬಂದರು. ಲ್ಯಾಪ್‌ಟಾಪ್‌ನಲ್ಲಿ ಸೀರೆ ಇದ್ದ ಹಾಗೆಯೇ ಇತ್ತು, ಕಡುಹಸಿರು. ನನಗೆ ಜೀವ ಬಂದಂತಾಯಿತು. ಆದರೆ ಅತ್ತೆ ಅದನ್ನೂ ನೋಡಿದರು, ನನ್ನನ್ನೂ ನೋಡಿದರು. "ಇಲ್ಲಿ ಒಂದ್ ಇಟ್ಕೊಂಡು ಅವ್ರಿಗೆ ಒಂದ್ ಕಳ್ಸಿದ್ರ ಅದಕ್ಕ ಏನಂತಾರವಾ?" ಎಂದು ಇಳಿದು ಹೋದರು. ನನ್ನ ಸಾಕ್ಷಿಯೇ ನನ್ನ ವಿರುದ್ಧ ತಿರುಗಿತ್ತು.

ಅಂಗಡಿಯಲ್ಲಿ ಗಿಳಿಹಸಿರು ಒಂದೂ ಇರಲಿಲ್ಲ. ಕೆಳಗೆ ಅತ್ತೆ ಒಂದೊಂದೇ ಹಸಿರು ಸೀರೆ ಬಿಚ್ಚಿ ಹಾಸುವ ಸದ್ದು, ಆ ಹೆಣ್ಣುಮಗಳು "ಇದಲ್ರಿ, ಇದೂ ಅಲ್ರಿ" ಅನ್ನುವ ದನಿ ಕೇಳುತ್ತಿತ್ತು. ಕೊನೆಗೆ ಆಕೆ ತಾವು ತಂದಿದ್ದ ಸೀರೆಯನ್ನೇ ಬಾಗಿಲ ಮುಂದಿನ ಬಿಸಿಲಿಗೆ ಹಿಡಿದು ಮಗಳಿಗೆ ವಿಡಿಯೊ ಕಾಲ್ ಮಾಡಿದರು. ನಾನು ಮತ್ತೆ ಮೆಟ್ಟಿಲಿಗೆ ಬಂದು ಬಗ್ಗಿ ನೋಡಿದೆ. ಬಿಸಿಲಲ್ಲಿ ಅದು ಎಷ್ಟು ಚೆಂದದ ಹಸಿರು! ಆದರೆ ಫೋನಿನೊಳಗಿಂದ ಆ ಬಸುರಿ ಹುಡುಗಿ ಕೇಳಿದ್ದು ನನಗೂ ಕೇಳಿಸಿತು: "ಎವ್ವಾ, ಇದೇನು ನೀಲಿ ಸೀರಿ ತೋರ್ಸಾಕತ್ತಿ?" ನಗು ಬರಬೇಕಿದ್ದ ಮಾತು. ಯಾರೂ ನಗಲಿಲ್ಲ. ಆ ತಾಯಿ ಸೀರೆಯನ್ನು ಗಾದಿಯ ಮೇಲಿಟ್ಟು, ಬಾಗಿಲಲ್ಲಿ ಒಮ್ಮೆ ನಿಂತು, "ಕಣ್ಣಿಲೆ ನೋಡಿ ತಗೋಬೇಕಿತ್ತು, ನಂದ ತಪ್ಪು" ಎಂದು ಹೋದರು. ಬೈದಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ.

"ಸರಿ ಮಾಡೂತನಕ ಒಂದೂ ಕಳಸಬ್ಯಾಡ," ಎಂದು ಅತ್ತೆ ಕೆಳಗಿನಿಂದಲೇ ಕೂಗಿ ಹೇಳಿದರು.

ಅಂದಿನಿಂದ ನಾಲ್ಕು ದಿನ ನಾನು ಆ ಕೋಣೆಯಲ್ಲಿ ಸಿಕ್ಕಿಬಿದ್ದೆ. ಬಾಗಿಲಿಗೆ ಯಾರೂ ಚಿಲಕ ಹಾಕಿರಲಿಲ್ಲ, ನಿಜ. ಆದರೆ ಇಳಿದು ಹೋದರೆ ಅಂಗಡಿಯ ಕೆಲಸದ ಹೆಂಗಸರ ಮುಂದೆ "ಏನಾತು?" ಎಂಬ ಪ್ರಶ್ನೆ. ಊಟಕ್ಕೆ ಕೂತರೆ ಗಂಡನದೂ ಅದೇ. "ಬ್ರೈಟ್‌ನೆಸ್ ಕಡಿಮಿ ಮಾಡಿಬಿಡು, ಅದ್ರಾಗೇನೈತಿ?" ಅಂದರು. ಮಾಡಿದೆ. ಲ್ಯಾಪ್‌ಟಾಪ್‌ನಲ್ಲಿ ಸೀರೆ ಇದ್ದಿಲಾಯಿತು, ಫೋನಿನಲ್ಲಿ ಬೂದಿ ಬಡಿದ ಹಸಿರಾಯಿತು. ಬಣ್ಣ ಗಾಢ ಮಾಡಿದೆ. ದಡಿಯ ಕೆಂಪು ಹರಡಿ ರಾಡಿಯಾಯಿತು. ಪ್ರತಿ ಸಲವೂ ವಿಡಿಯೊ ಸಿದ್ಧವಾಗಿ ಹೊರಬರಲು ಇಪ್ಪತ್ತು ನಿಮಿಷ. ಪರದೆಯ ಮೇಲೆ ಎಷ್ಟು ಮುಗಿಯಿತೆಂದು ತೋರಿಸುವ ಉದ್ದ ಪಟ್ಟಿ ಒಂದೊಂದೇ ಕೂದಲೆಳೆಯಷ್ಟು ಮುಂದೆ ಹೋಗುವುದನ್ನು ನೋಡುತ್ತ, ಮುಚ್ಚಿದ ಕಿಟಕಿಯ ಸಂದಿನಿಂದ ಬರುವ ಗಾಳಿಗೆ ಮುಖ ಒಡ್ಡಿ ಕೂರುತ್ತಿದ್ದೆ. ಮುಗಿದ ಮೇಲೆ ಫೋನಿಗೆ ಹಾಕಿ ನೋಡಿದರೆ ಮತ್ತೆ ಬೇರೆಯದೇ ಹಸಿರು. ಹದಿನಾಲ್ಕನೆಯ ಸಲಕ್ಕೆ ನನಗೇ ಅನುಮಾನ ಹುಟ್ಟಿತು. ನಾನೇ ಎಲ್ಲೋ ಕೈಯಾಡಿಸಿ ಮರೆತಿದ್ದೇನೆಯೇ? ನನ್ನ ಕಣ್ಣೇ ಸರಿ ಇಲ್ಲವೇ? ಸೀರೆಯನ್ನು ಎತ್ತಿ ಮುಖದ ಹತ್ತಿರ ಹಿಡಿದು ನೋಡಿದೆ. ಅದರ ಬಣ್ಣವನ್ನು ಏನೆಂದು ಕರೆಯಬೇಕೋ ನಿಜಕ್ಕೂ ತಿಳಿಯದಾಯಿತು.

ನಾಲ್ಕನೆಯ ದಿನ ಹಳೆಯ ಫೋನಿನಲ್ಲಿ ತೆಗೆದ ಒಂದು ವಿಡಿಯೊ ಕಣ್ಣಿಗೆ ಬಿತ್ತು. ಅದು ಎಲ್ಲ ಕಡೆ ಒಂದೇ ಥರ ಕಾಣುತ್ತಿತ್ತು. ಹಾಗಾದರೆ ಮೋಸ ನನ್ನ ಕೈಯಲ್ಲಿಲ್ಲ, ಹೊಸ ಫೋನಿನಲ್ಲಿದೆ ಅನ್ನಿಸಿತು. ನನ್ನ ಮದುವೆಯ ವಿಡಿಯೊ ಮಾಡಿದ ಕೊಪ್ಪಳದ ಸ್ಟುಡಿಯೊ ಅಣ್ಣನಿಗೆ ಫೋನ್ ಮಾಡಿದೆ. ಎಲ್ಲ ಕೇಳಿಕೊಂಡು ಅವನು ಒಂದೇ ಪ್ರಶ್ನೆ ಕೇಳಿದ: "ತಂಗೀ, ಫೋನಿನ ಕ್ಯಾಮೆರಾದಾಗ ಎಚ್‌ಡಿಆರ್ ಅಂತ ಚಾಲೂ ಐತೇನು ನೋಡು."

ಇತ್ತು. ಅವನು ಬಿಡಿಸಿ ಹೇಳಿದ. ಹೊಸ ಫೋನು ಸಾಮಾನ್ಯ ವಿಡಿಯೊಗಿಂತ ಹೆಚ್ಚು ಬೆಳಕನ್ನು ತುಂಬಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಅದನ್ನು ತನಗೆ ತಕ್ಕಂತೆ ಇಳಿಸಿ ನನಗೆ ತೋರಿಸುತ್ತದೆ. ಆದರೆ ವಿಡಿಯೊ ಹೊರಗೆ ಕಳಿಸುವಾಗ ಹಾಗೆ ಇಳಿಸು ಎಂದು ನಾನು ಹೇಳಿಯೇ ಇರಲಿಲ್ಲ. ಆ ಹೆಚ್ಚಿನ ಬೆಳಕನ್ನು ಒಂದೊಂದು ಫೋನು ಒಂದೊಂದು ಥರ ಅರ್ಥಮಾಡಿಕೊಳ್ಳುತ್ತಿತ್ತು. "ಬೆಳಕ ಜಾಸ್ತಿ ಆಗಿಲ್ಲ ತಂಗಿ, ಅಳತಿ ತಪ್ಪೈತಿ," ಅಂದ. ಕ್ಯಾಮೆರಾದಲ್ಲಿ ಎಚ್‌ಡಿಆರ್ ಬಂದ್ ಮಾಡಿದೆ. ಆಗಲೇ ತೆಗೆದಿದ್ದ ತುಣುಕುಗಳನ್ನೆಲ್ಲ ಅವನು ಹೇಳಿದಂತೆ ಸಾಮಾನ್ಯ ಬಣ್ಣದ ಅಳತೆಗೆ ಬದಲಿಸಿದೆ. ಹೊರಗೆ ಕಳಿಸುವ ಆಯ್ಕೆಯಲ್ಲೂ ಅದನ್ನೇ ಒತ್ತಿದೆ. ಇಪ್ಪತ್ತು ನಿಮಿಷ ಕಳೆದವು.

ಆ ವಿಡಿಯೊವನ್ನು ನನ್ನ ಫೋನಿಗೆ, ಗಂಡನ ಫೋನಿಗೆ, ಕೆಲಸದ ಹೆಂಗಸಿನ ಒಡಕು ಗಾಜಿನ ಫೋನಿಗೆ ಹಾಕಿಕೊಂಡು, ಸೀರೆಯ ಜೊತೆ ಕೆಳಗೆ ಓಡಿದೆ. ಮೂರೂ ಫೋನುಗಳನ್ನು ಸೀರೆಯ ಮೇಲೆ ಸಾಲಾಗಿ ಇಟ್ಟೆ. ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ಮೂರರಲ್ಲೂ ಕಡುಹಸಿರು. ಅತ್ತೆ ಕನ್ನಡಕ ಹಾಕಿಕೊಂಡು ನೋಡಿದರು. ಕ್ಷಮೆ ಕೇಳುವವರ ಪೈಕಿ ಅಲ್ಲ ಅವರು. ಬೆರಳಿನಿಂದ ಒಂದು ಫೋನನ್ನು ಮುಟ್ಟಿ, "ಇದ್ರಾಗ ಒಂಚೂರು ಹಳದಿ ಐತಿ" ಅಂದರು. ಅದು ನಿಜವಾಗಿತ್ತು. ಗಂಡನ ಫೋನು ಅದು, ಕಣ್ಣಿಗೆ ತಂಪಾಗಲಿ ಎಂದು ಪರದೆಯನ್ನು ಹಳದಿ ಮಾಡಿಟ್ಟಿದ್ದರು. ನಾಲ್ಕು ದಿನ ಬಣ್ಣದ ಜೊತೆ ತಿಣುಕಿದ ನನಗೆ ಕಾಣದ್ದನ್ನು ಅವರ ಕಣ್ಣು ಒಂದು ನೋಟಕ್ಕೆ ಹಿಡಿದಿತ್ತು.

ಗಂಗಾವತಿಯವರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. "ಇರ್ಲಿ ಬಿಡವಾ, ಕುಬಸ ಮುಗೀತು. ಇಲ್ಲೇ ಒಂದ್ ಸೀರಿ ಸಿಕ್ತು," ಅಂದರು. ಅವರು ಮತ್ತೆ ನಮ್ಮಲ್ಲಿ ಸೀರೆ ಕೊಳ್ಳಲಿಲ್ಲ.

ಅಂದಿನಿಂದ ಅತ್ತೆಯದೊಂದು ಕಟ್ಟಳೆ ಶುರುವಾಯಿತು. ಯಾವ ವಿಡಿಯೊವೂ ಅವರು ನೋಡದೆ ಹೊರಗೆ ಹೋಗುವಂತಿಲ್ಲ. ನಾನು ಸೀರೆಯನ್ನೂ ಫೋನನ್ನೂ ತಂದು ಬಾಗಿಲ ಬೆಳಕಿನಲ್ಲಿ ಇಡಬೇಕು. ಅವರು ಗಿರಾಕಿಯನ್ನು ಕಳಿಸಿ, ಕನ್ನಡಕ ಒರೆಸಿ, ನೋಡಿ, "ದಾಳಿಂಬ್ರಿ ಬಣ್ಣ ಇನ್ನೂ ಬಂದಿಲ್ಲ, ಹೋಗು" ಎಂದರೆ ಮತ್ತೆ ಮೇಲೆ ಹೋಗಬೇಕು, ಮತ್ತೆ ಇಪ್ಪತ್ತು ನಿಮಿಷ. ನನ್ನದು ಅಂತ ಇದ್ದ ಒಂದು ಕೆಲಸವೂ ಹೀಗೆ ಅವರ ಕಣ್ಣಿನ ಕೆಳಗೆ ಬಂತು. ಸಿಟ್ಟು ಬರುತ್ತಿತ್ತು. ಆದರೆ ಅವರ ಮಾತು ಹುಸಿಯಾದದ್ದು ನನಗೆ ನೆನಪಿಲ್ಲ. ಸೀರೆ ವಾಪಸ್ ಬರುವುದಂತೂ ಹೆಚ್ಚುಕಡಿಮೆ ನಿಂತೇಹೋಯಿತು.

ನಾಗರ ಪಂಚಮಿಗೆ ಯಲಬುರ್ಗಾದ ತವರಿಗೆ ಹೋಗಿ ಬರುತ್ತೇನೆಂದು ಕೇಳಿದೆ. ಎಂಟು ದಿನ ಆ ಕೋಣೆಯಿಂದ ದೂರ ಇರಬೇಕೆಂದೇ ಕೇಳಿದ್ದೆ. ಅತ್ತೆ ಕೂಡಲೇ ಒಪ್ಪಿದರು. ಬುತ್ತಿ ಕಟ್ಟಿದರು, ಅವ್ವನಿಗೆಂದು ಒಂದು ಸೀರೆ ಇಟ್ಟರು. ಬಸ್ಸಿಗೆ ಹೊರಟಾಗ ಇನ್ನೊಂದು ಗಂಟನ್ನು ನನ್ನ ಕೈಗೆ ಕೊಟ್ಟು, "ಇದ್ರಾಗ ಹನ್ನೆರಡು ಸೀರಿ ಅದಾವು. ನಿಮ್ಮ ಮನ್ಯಾಗ ಬೆಳಕ ಛಲೋ ಬರ್ತೈತಿ," ಅಂದರು.