ಬಿಳಿ ಬಟ್ಟೆಯ ಬುಧವಾರ

ಯಾವುದೇ ವಸ್ತುವನ್ನು ಮೊದಲ ಸಲ ನೋಡಿದಾಗ ಅದು ಚೆನ್ನಾಗಿದೆಯೋ ಇಲ್ಲವೋ ಎನ್ನುವುದು ನನಗೆ ಆಮೇಲೆ ಹೊಳೆಯುತ್ತದೆ. ಮೊದಲು ಹೊಳೆಯುವುದು, ಇದು ಬಟ್ಟೆಗೆ ಹತ್ತಿದರೆ ಹೋಗುತ್ತದೋ ಇಲ್ಲವೋ ಎನ್ನುವುದು. ಬಿಡಿಸಿಟ್ಟ ದಾಳಿಂಬೆಯ ಬಟ್ಟಲು, ಮದುವೆ ಮನೆಯ ಅರಿಶಿನದ ತಟ್ಟೆ, ಗಾಂಧಿ ಬಜಾರಿನ ಗಾಡಿಯ ಮೇಲೆ ರಾಶಿ ಬಿದ್ದ ನೇರಳೆಹಣ್ಣು, ಇವನ್ನೆಲ್ಲ ಕಂಡು ನೀವು ಆಹಾ ಎನ್ನುವಾಗ ನಾನು ಸೆರಗನ್ನು ಸ್ವಲ್ಪ ಎತ್ತಿ ಹಿಡಿದುಕೊಂಡಿರುತ್ತೇನೆ. ಒಮ್ಮೆ ನಮ್ಮ ಮನೆಯವರು ಪ್ರೀತಿಯಿಂದ ಲಿಲ್ಲಿ ಹೂವಿನ ಗೊಂಚಲು ತಂದುಕೊಟ್ಟರು. ನಾನು ಮೊದಲು ಮಾಡಿದ ಕೆಲಸ, ಕತ್ತರಿ ತಂದು ಅದರೊಳಗಿನ ಕೇಸರಿ ಪುಡಿಯ ಕಡ್ಡಿಗಳನ್ನೆಲ್ಲ ಕತ್ತರಿಸಿದ್ದು. ಆಮೇಲೆ ಅವರು ಹೂವು ತಂದಿಲ್ಲ. ಸಿಹಿ ತರುತ್ತಾರೆ, ಅದೂ ರಸ ಸೋರದಂಥದ್ದು.

ಇಂಥ ನನ್ನನ್ನು ಎಣ್ಣೆ ಜಿಡ್ಡಿನ ಹಳೇ ಮಿಲ್ಲೊಂದಕ್ಕೆ ಮಕ್ಕಳ ಬಟ್ಟೆಯ ಕಾವಲಿಗೆಂದು ಕಳಿಸಿದರು.

ಮಲ್ಲೇಶ್ವರದ ನಮ್ಮ ಮನೆಯಿಂದ ಶ್ರೀರಾಂಪುರದ ಕಡೆಗೆ ಇಳಿದರೆ ಒಂದು ನೂಲಿನ ಮಿಲ್ಲಿದೆ. ಮಿಲ್ಲಿದೆ ಎನ್ನುವುದಕ್ಕಿಂತ ಅದರ ಒಂದು ಶೆಡ್ಡು ಉಳಿದಿದೆ ಎನ್ನಬೇಕು. ಮಿಕ್ಕ ಜಾಗದಲ್ಲೆಲ್ಲ ಅಪಾರ್ಟ್‌ಮೆಂಟುಗಳು ಎದ್ದಿವೆ. ನಾನು ಚಿಕ್ಕವಳಿದ್ದಾಗ ಅದರ ಸೈರನ್ನೇ ನಮ್ಮ ಅಡುಗೆಮನೆಯ ಗಡಿಯಾರ. ಅಜ್ಜಿ “ಮಿಲ್ಲು ಕೂಗ್ತು, ಸೊಪ್ಪು ಇನ್ನೂ ಬಿಡಿಸ್ತಾನೇ ಇದೀಯಲ್ಲೇ” ಎಂದು ಅಮ್ಮನನ್ನು ಗದರುತ್ತಿದ್ದರು. ಮಿಲ್ಲು ಮುಚ್ಚಿದ ಮೇಲೆ ಎಷ್ಟೋ ದಿನ ನಮ್ಮ ಮನೆಯಲ್ಲಿ ಊಟ ತಡವಾಯಿತು ಎಂದು ಕೇಳಿದ್ದೇನೆ. ತಪ್ಪು ಮಿಲ್ಲಿನದೋ ಅಮ್ಮನದೋ ಎಂಬ ವಾದ ಇನ್ನೂ ತೀರ್ಮಾನವಾಗಿಲ್ಲ.

ಈಗ ಆ ಶೆಡ್ಡನ್ನು ರಿಪೇರಿ ಮಾಡಿ ಶಾಲೆ ಮಕ್ಕಳಿಗೆ ತೆರೆದಿದ್ದಾರೆ. ಸುಮ್ಮನೆ ನೋಡಿಕೊಂಡು ಬರುವ ಜಾಗವಲ್ಲ. ಮಕ್ಕಳೇ ಅರಳೆಯಿಂದ ಬೀಜ ಬಿಡಿಸಬೇಕು, ತಂತಿ ಹಲ್ಲಿನ ಹಣಿಗೆಯಲ್ಲಿ ಹತ್ತಿ ಬಾಚಬೇಕು, ನೂಲು ತೆಗೆಯಬೇಕು, ಕಡಿದರೆ ಗಂಟು ಹಾಕಬೇಕು. ಕೊನೆಗೆ ಉದ್ದ ಮೂತಿಯ ಡಬ್ಬಿಯಿಂದ ಯಂತ್ರದಲ್ಲಿ ನೂಲು ಸುತ್ತುವ ಕದಿರುಗಳ ಬುಡಕ್ಕೆ ಎಣ್ಣೆ ಬಿಟ್ಟು, ದೊಡ್ಡ ಚಕ್ರವನ್ನು ಕೈಯಲ್ಲಿ ತಿರುಗಿಸಿ, ಎಲ್ಲ ಕದಿರುಗಳೂ ಒಟ್ಟಿಗೆ ಸುತ್ತುವುದನ್ನು ನೋಡಬೇಕು. ನನ್ನ ಮಗಳು ಚಿನ್ಮಯಿಯ ಶಾಲೆಗೆ ಹೊಸದಾಗಿ ಬಂದ ಶಾಲಿನಿ ಮಿಸ್ ಐದನೇ ಕ್ಲಾಸಿನ ಮೂರೂ ಸೆಕ್ಷನ್ನಿಗೆ ಇದನ್ನು ಏರ್ಪಾಡು ಮಾಡಿದರು. ಮೊದಲು ‘ಎ’, ಆಮೇಲೆ ‘ಬಿ’, ಕಡೆಗೆ ನಮ್ಮ ಚಿನ್ಮಯಿಯ ‘ಸಿ’.

ಮಿಲ್ಲಿನವರು ಶಾಲೆಗಳಿಗೆ ಸಮಯ ಕೊಡುವುದು ಬುಧವಾರ ಮಾತ್ರ. ಶಾಲೆಯಲ್ಲಿ ಬುಧವಾರವೆಂದರೆ ಬಿಳಿ ಯೂನಿಫಾರ್ಮು. ಬಿಳಿ ಅಂಗಿ, ಬಿಳಿ ಸ್ಕರ್ಟು, ಬಿಳಿ ಸಾಕ್ಸು, ಕ್ಯಾನ್ವಾಸ್ ಶೂಗೂ ಬಿಳಿ ಪಾಲಿಶ್. ನಾನೂ ಕಾನ್ವೆಂಟಿನಲ್ಲಿ ಓದಿದವಳು. ಆ ಬಿಳಿಯನ್ನು ಬೇರೆ ದಿನಕ್ಕೆ ಸರಿಸಬಹುದು ಎಂಬ ಯೋಚನೆ ಅಲ್ಲಿ ಯಾರಿಗೂ ಬರುವುದಿಲ್ಲ. ಶಾಲಿನಿ ಮಿಸ್‌ಗೆ ಬಂತಂತೆ, ಕೇಳಿಯೂ ಕೇಳಿದರಂತೆ. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಬಹಳ ಮೃದುವಾಗಿ, “ಬುಧವಾರ ಬಿಳಿಯಲ್ಲವಾ?” ಎಂದರಂತೆ. ಸೂರ್ಯ ಪೂರ್ವದಲ್ಲಲ್ಲವಾ ಎನ್ನುವ ಹಾಗೆ.

ಹೀಗೆ ‘ಎ’ ಸೆಕ್ಷನ್ನು ಬೆಳ್ಳಗೆ ಹೋಗಿ ಕಪ್ಪಗೆ ವಾಪಸ್ಸಾಯಿತು. ಆ ಸಂಜೆ ತಾಯಂದಿರ ವಾಟ್ಸಾಪ್ ಗುಂಪು ಹೊತ್ತಿಕೊಂಡಿತು. ಸ್ಕರ್ಟಿನ ಫೋಟೋ, ತೋಳಿನ ಫೋಟೋ, ಒಬ್ಬರಂತೂ ಒಂದು ಸಾಕ್ಸನ್ನು ಹತ್ತಿರದಿಂದ ಎಷ್ಟು ದೊಡ್ಡದಾಗಿ ತೆಗೆದಿದ್ದರೆಂದರೆ ನಾನು ಅದನ್ನು ಚಂದ್ರನ ಮೇಲ್ಮೈ ಎಂದುಕೊಂಡೆ. ಗುಂಪನ್ನು ನಡೆಸುವ ದೀಪಾ, “ಮಕ್ಕಳನ್ನ ಓದಕ್ಕೆ ಕಳಿಸ್ತಿದೀವೋ ಗ್ಯಾರೇಜಿಗೆ ಕಳಿಸ್ತಿದೀವೋ” ಎಂದು ಬರೆದಳು. ಶಾಲೆಗೆ ದೂರು ಹೋಯಿತು. ಸಿಸ್ಟರ್ ತೀರ್ಪು ಕೊಟ್ಟರು: ‘ಬಿ’ ಸೆಕ್ಷನ್ನು ಹೋಗಲಿ, ಜೊತೆಗೆ ಒಬ್ಬ ತಾಯಿ ಇರಲಿ. ಮತ್ತೆ ದೂರು ಬಂದರೆ ‘ಸಿ’ಗೆ ಪ್ರವಾಸವಿಲ್ಲ, ಕ್ಲಾಸಿನಲ್ಲೇ ವಿಡಿಯೋ ತೋರಿಸಲಾಗುವುದು.

‘ಬಿ’ ಸೆಕ್ಷನ್ನಿನ ತಾಯಂದಿರಿಗೆಲ್ಲ ಆಫೀಸು. ಆಗ ದೀಪಾ ಗುಂಪಿನಲ್ಲಿ ನನ್ನ ಹೆಸರು ಹಾಕಿ, “ನೀವು ಹೇಗೂ ಮನೇಲೇ ಇರ್ತೀರಲ್ಲ” ಎಂದಳು. ಈ ವಾಕ್ಯವನ್ನು ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ. ಗ್ಯಾಸ್ ಸಿಲಿಂಡರ್ ಬರುವುದಕ್ಕೆ, ಪಕ್ಕದ ಮನೆಯ ಕೊರಿಯರ್ ಇಟ್ಟುಕೊಳ್ಳುವುದಕ್ಕೆ, ಈಗ ಒಂದಿಡೀ ಕ್ಲಾಸಿನ ಬಿಳುಪು ಕಾಯುವುದಕ್ಕೆ. ಆದರೆ ಅಂದು ಕೋಪ ಬರಲಿಲ್ಲ. ಚಿನ್ಮಯಿ ಊಟ ಬಿಟ್ಟು ಕೂತಿದ್ದಳು. ‘ಎ’ ಸೆಕ್ಷನ್ನಿನ ಗೆಳತಿಯೊಬ್ಬಳು ತಾನೇ ತೆಗೆದ ನೂಲನ್ನು ಮಣಿಕಟ್ಟಿಗೆ ಕಟ್ಟಿಕೊಂಡು ಓಡಾಡುತ್ತಿದ್ದಳಂತೆ.

“ಅಮ್ಮ, ನೀನು ಹೋಗು,” ಎಂದಳು. “ಯಾರೂ ಕೊಳೆ ಮಾಡ್ಕೊಳ್ದೇ ಇರೋ ಹಾಗೆ ನೋಡ್ಕೋ. ಆದ್ರೆ ಮುಟ್ಬೇಡಿ ಅಂತ ಮಾತ್ರ ಹೇಳ್ಬೇಡ. ಹೇಳಿದ್ರೆ ‘ಬಿ’ ಸೆಕ್ಷನ್ನವ್ರು ಹತ್ತನೇ ಕ್ಲಾಸ್‌ವರೆಗೂ ನನ್ನ ಆಡಿಕೊಂಡು ನಗ್ತಾರೆ.”

ಕೊಳೆಯಾಗಬಾರದು, ಮುಟ್ಟಬೇಡಿ ಎನ್ನಲೂಬಾರದು. ರಾಜತಾಂತ್ರಿಕರಿಗೂ ಇಷ್ಟು ಕಷ್ಟದ ಕೆಲಸ ಕೊಡುವುದಿಲ್ಲ. ನಾನು ಬೀರು ತೆರೆದು ನಮ್ಮ ಮನೆಯವರ ಹಳೇ ಶರ್ಟುಗಳನ್ನು ತೆಗೆದೆ. ಸಾಲದೆ ಬೀದಿಯ ನಾಲ್ಕು ಮನೆಗಳಲ್ಲಿ ಬೇಡಿದೆ. ಬುಧವಾರ ಬಸ್ಸಿನಲ್ಲಿ ಹುಡುಗಿಯರಿಗೆಲ್ಲ ಅವನ್ನು ಹಿಂದುಮುಂದಾಗಿ ತೊಡಿಸಿ ಬೆನ್ನಿಗೆ ಗುಂಡಿ ಹಾಕಿದೆ. ಮಲ್ಲೇಶ್ವರದ ಗಂಡಸರೆಲ್ಲ ತಲೆ ತಿರುಗಿಸಿಕೊಂಡು ಮೆರವಣಿಗೆ ಹೊರಟ ಹಾಗೆ ಕಂಡಿತು.

ಶೆಡ್ಡಿನೊಳಗೆ ಕಾಲಿಟ್ಟ ಕೂಡಲೇ ನನ್ನ ಎರಡೂ ಕೈ ತಾವಾಗಿಯೇ ಬೆನ್ನ ಹಿಂದೆ ಹೋದವು. ನಾವು ಓದುವಾಗ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದರೆ ಬಾಗಿಲಲ್ಲೇ ಅಪ್ಪಣೆಯಾಗುತ್ತಿತ್ತು: ಸಾಲಾಗಿ ನಡೆಯಿರಿ, ಕೈ ಹಿಂದೆ ಕಟ್ಟಿಕೊಳ್ಳಿ. ಇತಿಹಾಸವನ್ನೆಲ್ಲ ನಾನು ಕೈ ಕಟ್ಟಿಕೊಂಡೇ ಕಲಿತದ್ದು. ವಿಚಿತ್ರವೆಂದರೆ ಅದೇ ದಿನಗಳಲ್ಲಿ, ಸಂಜೆ ಚಿಕ್ಕಪೇಟೆಯ ತಾತನ ಬಟ್ಟೆ ಅಂಗಡಿಗೆ ಹೋದರೆ ಅಲ್ಲಿ ಇದಕ್ಕೆ ತದ್ವಿರುದ್ಧ. ತಾತ ಥಾನು ಬಿಚ್ಚಿ ಹರಡಿ, “ಮುಟ್ಟಿ ನೋಡಿ ತಾಯಿ” ಎನ್ನುತ್ತಿದ್ದರು. ಬೆರಳಲ್ಲಿ ಹೊಸಕದೆ ಬಟ್ಟೆ ಕೊಳ್ಳುವವರನ್ನು ಕಂಡರೆ ಅವರಿಗೆ ಅನುಮಾನ. ಒಂದೇ ಊರಿನಲ್ಲಿ, ಒಂದೇ ದಿನದಲ್ಲಿ, ನನಗೆ ಎರಡು ಶಾಲೆ. ಒಂದರಲ್ಲಿ ಮಾರ್ಕ್ಸ್ ಕೊಡುತ್ತಿದ್ದರು, ಹಾಗಾಗಿ ಅದನ್ನೇ ನಂಬಿದೆ.

ಮಿಲ್ಲನ್ನು ತೋರಿಸುವ ಹುಡುಗಿ ಮೇಘನಾ, ಇಂಜಿನಿಯರಿಂಗ್ ಓದಿದವಳು. ಅವಳ ಉಗುರಿನ ಸಂದಿಯ ಕಪ್ಪನ್ನು ನಾನು ಅವಳ ಮುಖಕ್ಕಿಂತ ಮೊದಲು ನೋಡಿದೆ. ಮಕ್ಕಳು ಹತ್ತಿ ಬಾಚುವಾಗ ಅವರ ಹುಬ್ಬಿನ ಮೇಲೆಲ್ಲ ಬಿಳಿ ನಾರು ಕೂತು, ಐದನೇ ಕ್ಲಾಸಿನವರು ನಮ್ಮ ಅತ್ತೆಯ ಭಜನಾ ಮಂಡಳಿಯವರಂತೆ ಕಾಣತೊಡಗಿದರು. ಪೂರ್ವಿ ಎಂಬ ಪುಟ್ಟ ಹುಡುಗಿಯ ನೂಲು ಮತ್ತೆ ಮತ್ತೆ ಕಡಿಯುತ್ತಿತ್ತು. ಪಕ್ಕದವಳು “ನಿಂದು ನೂಲಲ್ಲ ಕಣೇ, ಶಾವಿಗೆ” ಎಂದಳು. ಪೂರ್ವಿ ನಾಲಿಗೆಯ ತುದಿ ಕಚ್ಚಿಕೊಂಡು ಗಂಟು ಹಾಕಿದಳು. ಕೊನೆಗೆ ಗೇಣುದ್ದ ನೂಲು ಕಡಿಯದೆ ನಿಂತಾಗ ಅವಳು ನೋಡಿದ ನೋಟವನ್ನು ನಾನು ಯಾವ ಮಾರ್ಕ್ಸ್ ಕಾರ್ಡಿನ ಮುಂದೆಯೂ ಯಾರ ಮುಖದಲ್ಲೂ ನೋಡಿಲ್ಲ.

ಎಣ್ಣೆ ಬಿಡುವ ಸರದಿ ಬಂತು. ನಾನು ನಡುವೆ ನಿಂತು ತೋಳು ಮಡಿಸುತ್ತ, ಗುಂಡಿ ನೋಡುತ್ತ, ಟ್ರಾಫಿಕ್ ಪೊಲೀಸರ ಹಾಗೆ ತಿರುಗುತ್ತಿದ್ದೆ. ಎಲ್ಲ ಕದಿರಿಗೂ ಎಣ್ಣೆಯಾಯಿತು, ಒಂದು ಉಳಿಯಿತು. “ಆಂಟಿ, ಇದು ನಿಮ್ದು,” ಎಂದು ಮೇಘನಾ ಡಬ್ಬಿ ಚಾಚಿದಳು. ನಾನು ಬೇಡ ಎಂದು ಕೈ ಹಿಂದೆ ಕಟ್ಟಿಕೊಂಡೆ. ಹುಡುಗಿಯರು ಬಿಡಲಿಲ್ಲ. ಬೆನ್ನ ಹಿಂದಿನ ಕೈ ಮುಂದೆ ಬಂತು. ಎಣ್ಣೆ ಬಿಟ್ಟೆ, ಮೇಘನಾ ತೋರಿಸಿದಂತೆ ಕದಿರನ್ನು ಬೆರಳಲ್ಲಿ ಹಿಡಿದು ಒಂದು ಸುತ್ತು ತಿರುಗಿಸಿದೆ. ಹುಡುಗಿಯರು ಚಕ್ರ ತಳ್ಳಿದರು. ನನ್ನ ಕದಿರೂ ಮಿಕ್ಕವುಗಳ ಜೊತೆ ಸುತ್ತಿತು. ಇಷ್ಟೇ ವಿಷಯ. ಆದರೆ ನನಗೆ ಎಷ್ಟು ಹಿಗ್ಗಾಯಿತೆಂದರೆ, ಪಕ್ಕದಲ್ಲಿದ್ದ ಪೂರ್ವಿಯ ಯೂನಿಫಾರ್ಮಿನ ಕಾಲರು ಹಳೇ ಶರ್ಟಿನಿಂದ ಹೊರಗೆ ಮಡಿಸಿಕೊಂಡದ್ದು ಕಂಡು, ತಾಯಂದಿರ ಕೈಗೆ ಇರುವ ಆ ಚಾಳಿಯಿಂದ, ಅದನ್ನು ಎಳೆದು ಸರಿಮಾಡಿಬಿಟ್ಟೆ.

ಬಿಳಿ ಕಾಲರಿನ ಮೇಲೆ ನನ್ನ ಬೆರಳುಗಳು ಅಷ್ಟೂ ಮೂಡಿದವು. ಪೊಲೀಸರು ಕೇಳಿದರೂ ಅಷ್ಟು ಸ್ಪಷ್ಟವಾಗಿ ಕೊಡಲಾಗುತ್ತಿರಲಿಲ್ಲ.

ಶಾಲಿನಿ ಮಿಸ್ ಮುಖ ಸಪ್ಪಗಾಯಿತು. ನನ್ನ ಕಣ್ಣ ಮುಂದೆ ಚಿನ್ಮಯಿ ಕ್ಲಾಸಿನಲ್ಲಿ ಕೂತು ವಿಡಿಯೋ ನೋಡುತ್ತಿದ್ದಳು. ಪೂರ್ವಿ ಮಾತ್ರ ಕತ್ತು ಕೊಂಕಿಸಿ ಕಾಲರು ನೋಡಿಕೊಂಡು, “ಆಂಟಿ, ನೀವು ಮಾಡಿದ್ದು ಅಂತ ನಾನು ಯಾರಿಗೂ ಹೇಳಲ್ಲ,” ಎಂದಳು. ಆ ಔದಾರ್ಯ ಕೇಳಿ ನನಗೆ ನಾಚಿಕೆಯಾಯಿತು, ಜೊತೆಗೆ ಬುದ್ಧಿಯೂ ಬಂತು. ಕಾಲರು ಹಿಡಿದು ಎಷ್ಟು ಹೊತ್ತು ಅಳುವುದು? ಬಟ್ಟೆಗೆ ಹತ್ತಿದ್ದನ್ನು ಬಿಡಿಸುವುದೇ ಅಲ್ಲವೇ ನನ್ನ ಇಷ್ಟು ವರ್ಷದ ಕೆಲಸ?

“ನೀರು ಮುಟ್ಟಿಸ್ಬೇಡಿ,” ಎಂದೆ. ಕೈ ಒರೆಸಿಕೊಂಡು ಬ್ಯಾಗಿನಿಂದ ಟಾಲ್ಕಂ ಪೌಡರ್ ಡಬ್ಬಿ ತೆಗೆದೆ. ಜಿಡ್ಡಿನ ಮೇಲೆ ಪೌಡರ್ ಉದುರಿಸಿ, ಅದು ಎಣ್ಣೆ ಹೀರುವವರೆಗೆ ಸುಮ್ಮನಿದ್ದು, ಕೊಡವಿ, ಮತ್ತೆ ಉದುರಿಸಿ, ಆಮೇಲೆ ಪಾತ್ರೆ ತೊಳೆಯುವ ಸೋಪನ್ನು ಒಣಬಟ್ಟೆಗೇ ಹಚ್ಚಿ ತಿಕ್ಕಬೇಕು, ನೀರು ಕಡೆಗೆ. ಮೇಘನಾ ಟೀ ಕಾಯಿಸುವ ಮೂಲೆಯಿಂದ ಸೋಪು, ಬಿಸಿನೀರು ತಂದಳು. ನೋಡನೋಡುತ್ತ ಹುಡುಗಿಯರೆಲ್ಲ ಸುತ್ತ ನೆರೆದರು. ಅಷ್ಟೇ ಅಲ್ಲ, ಅಲ್ಲಿಯವರೆಗೆ ನನ್ನ ಕಣ್ಣು ತಪ್ಪಿಸಿ ಮುಚ್ಚಿಟ್ಟಿದ್ದ ಕಲೆಗಳೆಲ್ಲ ಒಂದೊಂದಾಗಿ ಹೊರಬಂದವು. ಸಾಕ್ಸಿನದು, ಸ್ಕರ್ಟಿನ ಅಂಚಿನದು, ರಿಬ್ಬನ್ನಿನದು. ನಮ್ಮ ಶರ್ಟುಗಳ ಕೋಟೆ ಎಲ್ಲ ಕಡೆಯೂ ಬಿದ್ದಿತ್ತು ಎಂದು ನನಗೆ ತಿಳಿದದ್ದೇ ಆಗ.

“ನಾನು ತಿಕ್ತೀನಿ ಆಂಟಿ.” “ನಿಂದು ಆಯ್ತಲ್ಲೇ, ಸೋಪ್ ಕೊಡೇ ಇಲ್ಲಿ.”

ಸೋಪಿನ ಅಣುವಿಗೆ ಒಂದು ತಲೆ, ಒಂದು ಬಾಲ. ಬಾಲ ಎಣ್ಣೆಯನ್ನು ಹಿಡಿದುಕೊಳ್ಳುತ್ತದೆ, ತಲೆ ನೀರನ್ನು ಹಿಡಿದುಕೊಳ್ಳುತ್ತದೆ. ಇದರ ಚಿತ್ರವನ್ನು ನಾನು ಹೈಸ್ಕೂಲಿನಲ್ಲಿ ಅಚ್ಚುಕಟ್ಟಾಗಿ ಬರೆದು ಗುರುತಿಸಿ ಶಹಭಾಸ್ ಎನಿಸಿಕೊಂಡವಳು. ಅದಾದ ಮೇಲೆ ದಿನಾ ಬಟ್ಟೆ ಒಗೆದಿದ್ದೇನೆ, ದಿನಾ ಬಾಣಲೆ ತೊಳೆದಿದ್ದೇನೆ. ಆದರೂ ಆ ಚಿತ್ರಕ್ಕೂ ಈ ಬಾಣಲೆಗೂ ಸಂಬಂಧವಿದೆಯೆಂದು ಹೊಳೆದದ್ದು ಹಳೇ ಮಿಲ್ಲಿನ ನಲ್ಲಿಯ ಕೆಳಗೆ, ಪೂರ್ವಿಯ ಕಾಲರಿನಿಂದ ಬೂದು ನೊರೆ ಹರಿದುಹೋಗುವುದನ್ನು ನೋಡುತ್ತ, ಆ ತಲೆ ಬಾಲದ ಕಥೆಯನ್ನು ಹುಡುಗಿಯರಿಗೆ ಹೇಳುವಾಗ. ಶಾಲಿನಿ ಮಿಸ್ ಮೆಲ್ಲಗೆ, “ಚಿನ್ಮಯಿ ಮಮ್ಮಿ, ಇದು ಹತ್ತನೇ ಕ್ಲಾಸಿನ ಪಾಠ. ಪರವಾಗಿಲ್ಲ, ಹೇಳಿ,” ಎಂದರು. ಅವರ ಮುಖಕ್ಕೆ ಬಣ್ಣ ವಾಪಸ್ಸು ಬಂದಿತ್ತು.

ಸಂಜೆ ಗುಂಪಿನಲ್ಲಿ ಮೊದಲ ದೂರು ದೀಪಾಳದೇ. “ಒದ್ದೆ ಬಟ್ಟೇಲಿ ಕಳಿಸಿದಾರಂತೆ, ನೆಗಡಿ ಆದ್ರೆ ಯಾರು ಜವಾಬ್ದಾರಿ?” ನಾನು ಬರೆದೆ: ಪೂರ್ವಿಯ ಕಾಲರಿನ ಮೇಲೆ ತಿಳಿಹಳದಿ ನೆರಳೊಂದು ಉಳಿದಿದೆ, ಅದು ಮಕ್ಕಳದಲ್ಲ, ನನ್ನ ಕೈಯದು. ಆಮೇಲೆ ಪೂರ್ವಿಯ ಅಮ್ಮನ ಮೆಸೇಜು ಬಂತು. “ಕಾಲರ್ ಇರ್ಲಿ ಬಿಡಿ. ಇವಳು ಬಂದಾಗಿಂದ ಬಾತ್‌ರೂಮ್ ಬಿಟ್ಟು ಬರ್ತಿಲ್ಲ. ಅವಳ ಸಾಕ್ಸ್ ಆಯ್ತು, ಈಗ ಅವರಪ್ಪನ ಸಾಕ್ಸ್ ಒಗೀತಿದಾಳೆ. ನಮ್ಮನೆ ಪೌಡರ್ ಡಬ್ಬ ಪೂರ್ತಿ ಖಾಲಿ.” ಹಿಂದೆಯೇ ಇನ್ನೊಬ್ಬರು, ನಮ್ಮಲ್ಲೂ ಎಂದರು. ಗಂಡಸರ ಸಾಕ್ಸು ಒಗೆಯುವ ಮಕ್ಕಳ ವಿರುದ್ಧ ದೂರು ಬರೆಯಲು ಯಾವ ತಾಯಿಗೂ ಮನಸ್ಸಾಗಲಿಲ್ಲ. ದೀಪಾ ಒಂದು ಹೆಬ್ಬೆರಳು ಹಾಕಿ ಸುಮ್ಮನಾದಳು.

ಮಾರನೆಯ ದಿನ ಚಿನ್ಮಯಿಯನ್ನು ಬಿಡಲು ಹೋದಾಗ ಸಿಸ್ಟರ್ ನನ್ನನ್ನು ವರಾಂಡದಲ್ಲಿ ನಿಲ್ಲಿಸಿದರು. ನಾನು ಮತ್ತೆ ಐದನೇ ಕ್ಲಾಸಿನವಳಾಗಿ ಕೈ ಹಿಂದೆ ಕಟ್ಟಿಕೊಂಡೆ. ಅವರು ಸುತ್ತ ನೋಡಿ ದನಿ ತಗ್ಗಿಸಿ, “ಆ ಪೌಡರ್ ಇಂಕಿಗೂ ಆಗುತ್ತಾ?” ಎಂದು ಕೇಳಿದರು. ತಲೆಯಿಂದ ಪಾದದವರೆಗೆ ಬಿಳಿ ಉಡುಪು, ತೋಳಿನ ತುದಿಯಲ್ಲಿ ನೀಲಿಯ ಒಂದು ಹನಿ. ಇಂಕಿಗೆ ಹಾಲು ಒಳ್ಳೆಯದು ಎಂದೆ. ಅವರು ತಲೆದೂಗಿ ಹೊರಟವರು, ತಿರುಗಿ, “ಬುಧವಾರ ಸಿ ಸೆಕ್ಷನ್ ಬಸ್ಸು ಬೇಗ ಹೊರಡುತ್ತೆ, ಮಗಳನ್ನ ಲೇಟ್ ಮಾಡ್ಬೇಡಿ,” ಎಂದರು. ಬಿಳಿ ಯೂನಿಫಾರ್ಮು ಬದಲಾಗಲಿಲ್ಲ. ಆದರೆ ಸರ್ಕ್ಯುಲರಿನಲ್ಲಿ ಒಂದು ಸಾಲು ಸೇರಿತ್ತು: ನೀರಿನ ಬಾಟಲಿ, ಟೋಪಿ, ಟಾಲ್ಕಂ ಪೌಡರ್.

ಮುಂದಿನ ಬುಧವಾರ ಕಾವಲಿಗೆ ಬೇರೆ ತಾಯಿ ಹೋದರು. ನಾನು ಹೇಗೂ ಮನೆಯಲ್ಲೇ ಇದ್ದೆ. ಮಧ್ಯಾಹ್ನ ಗೇಟಿನ ಸದ್ದಾದ ಕೂಡಲೇ ಓಡಿಹೋಗಿ ಚಿನ್ಮಯಿಯನ್ನು ಬೆಳಕಿಗೆ ತಿರುಗಿಸಿ ನೋಡಿದೆ. ಕಾಲರು ಶುಭ್ರ. ತೋಳು ಶುಭ್ರ. ಸ್ಕರ್ಟು, ಸಾಕ್ಸು, ಎಲ್ಲ ಬೆಳಿಗ್ಗೆ ನಾನು ಇಸ್ತ್ರಿ ಮಾಡಿ ಕಳಿಸಿದ ಹಾಗೇ. ಮತ್ತೊಮ್ಮೆ ತಿರುಗಿಸಿ ನೋಡಿದೆ, ಒಂದು ಕಲೆಯೂ ಇಲ್ಲ. ಪಾಪ, ಮಗು ನನ್ನ ಮಗಳಲ್ಲವೇ, ಕೈ ಹಿಂದೆ ಕಟ್ಟಿಕೊಂಡೇ ಬಂದುಬಿಟ್ಟಿತೇ?

“ಅಮ್ಮ, ಅಲ್ಲೇನು ಹುಡುಕ್ತಿದೀಯ,” ಎಂದು ಚಿನ್ಮಯಿ ಎರಡೂ ಕೈ ಮುಂದೆ ಚಾಚಿದಳು. ಮಣಿಕಟ್ಟಿನಲ್ಲಿ ಗಂಟುಗಂಟಾದ ನೂಲು. ಹತ್ತೂ ಉಗುರುಗಳ ಸಂದಿಯಲ್ಲಿ ಸಣ್ಣ ಕಪ್ಪು ಗೆರೆ.

ಕೈ ತೊಳೆದುಕೊಂಡು ಊಟಕ್ಕೆ ಬಾ ಎಂದೆ. ಅಂದರೆ, ಸ್ವಲ್ಪ ಹೊತ್ತು ಆ ಕೈಗಳನ್ನು ಹಿಡಿದು ನೋಡಿ, ಆಮೇಲೆ ಎಂದೆ.