ನಿಂತೇ ಕಳೆದ ಎಂಟು ತಿಂಗಳು

ನಾನು ತಿಕೋಟಾದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಮನೆ ವಿಜಯಪುರದಲ್ಲಿ. ದಿನಾ ಬೆಳಿಗ್ಗೆ ಬೈಕಿನಲ್ಲಿ ಹೋಗಿ, ಸಂಜೆಯವರೆಗೆ ಕುರ್ಚಿಯಲ್ಲಿ ಕೂತು, ಮತ್ತೆ ಬೈಕಿನಲ್ಲೇ ಮರಳುತ್ತಿದ್ದೆ. ಕೂರುವುದೇ ನನ್ನ ಕೆಲಸ ಎಂದರೂ ತಪ್ಪಿಲ್ಲ. ಹಾಗಿರುವಾಗ, ನಲವತ್ತಾರನೇ ವಯಸ್ಸಿನಲ್ಲಿ, ನನಗೆ ಕೂರುವುದೇ ಆಗದಂತಾಯಿತು.

ಮೊದಲು ಸೊಂಟದ ಕೆಳಗೆ ಸಣ್ಣ ಉರಿ. ಕೆಲವು ವಾರಗಳಲ್ಲಿ ಅದು ಇಳಿದು ತೊಡೆಗಳ ಸಂದಿಗೆ ಬಂತು. ಹತ್ತು ನಿಮಿಷ ಕೂತರೆ ಕಾದ ಹಂಚಿನ ಮೇಲೆ ಕೂತಂತೆ. ಎದ್ದು ನಿಂತರೆ ತುಸು ಆರಾಮ. ಮೂತ್ರಕ್ಕೆ ಹೋದಾಗಲೂ ಉರಿ. ನೋವು ಮೊಣಕಾಲಿನಲ್ಲಿದ್ದರೆ ನಾಲ್ಕು ಮಂದಿಗೆ ಹೇಳಿಕೊಳ್ಳಬಹುದಿತ್ತು. ಇದನ್ನು ಯಾರಿಗೆ, ಯಾವ ಮಾತಿನಲ್ಲಿ ಹೇಳುವುದು? ಒಬ್ಬ ಡಾಕ್ಟರಿಗೆ ಅರ್ಧ ಹೇಳಿದೆ, ಅರ್ಧ ನುಂಗಿಕೊಂಡೆ. ಮೂತ್ರದ ಸೋಂಕಿರಬಹುದೆಂದು ಅವರು ಗುಳಿಗೆ ಕೊಟ್ಟರು. ಪರೀಕ್ಷೆಯಲ್ಲಿ ಸೋಂಕು ಕಾಣಲಿಲ್ಲ. ಬೆನ್ನಿನ ಸ್ಕ್ಯಾನಿನಲ್ಲೂ ದೊಡ್ಡದೇನೂ ಇರಲಿಲ್ಲ. ಏನೂ ಇಲ್ಲ ಎಂಬ ಮಾತು ಕೇಳಿದಷ್ಟೂ ನನ್ನ ಹೆದರಿಕೆ ಹೆಚ್ಚಾಯಿತು. ಕ್ಯಾನ್ಸರೇ ಇರಬೇಕು, ಇವರಿಗೆ ತಿಳಿಯುತ್ತಿಲ್ಲ ಎಂದುಕೊಂಡೆ.

ಬೈಕು ಬಿಟ್ಟು ಬಸ್ಸಿನಲ್ಲಿ ನಿಂತೇ ಹೋಗತೊಡಗಿದೆ; ಕಚೇರಿಯಲ್ಲೂ ನಿಂತೇ ಬರೆಯತೊಡಗಿದೆ. ದಾಖಲೆ ಕೋಣೆ ನೋಡಿಕೊಳ್ಳುವ ಹಿರಿಯರೊಬ್ಬರು ನಮ್ಮಲ್ಲಿದ್ದರು. ನಿವೃತ್ತಿಗೆ ಹತ್ತಿರ ಬಂದಿದ್ದ ಅವರನ್ನು ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಎರಡು ದಿನ ಅವರು ನನ್ನನ್ನು ಸುಮ್ಮನೆ ನೋಡಿದರು. ಮೂರನೆಯ ದಿನ ನಾನು ಹೋಗುವಷ್ಟರಲ್ಲಿ ನನ್ನ ಟೇಬಲ್ಲಿನ ನಾಲ್ಕೂ ಕಾಲುಗಳ ಕೆಳಗೆ ಸಿಮೆಂಟಿನ ಇಟ್ಟಿಗೆಗಳಿದ್ದವು. ‘ಬಗ್ಗಿ ಬರದ್ರ ಬೆನ್ನೂ ಹೋಗ್ತೈತ್ರಿ,’ ಎಂದಷ್ಟೇ ಹೇಳಿದರು. ಏನಾಗಿದೆ ಎಂದು ಅವರು ಕೇಳಲಿಲ್ಲ. ಆ ಕೇಳದಿರುವಿಕೆಗೆ ನಾನು ಇವತ್ತಿಗೂ ಋಣಿ.

ಅದೇ ವಾರ ಕನಮಡಿಯಿಂದ ಅರ್ಜಿ ಹಿಡಿದು ಬಂದ ಮುದುಕರೊಬ್ಬರು, ‘ನಮ್ಮಂಥಾವ್ರ ಜೋಡಿ ಎದ್ದ ನಿಂತ ಮಾತಾಡೋ ಸಾಹೇಬ್ರನ್ನ ಇವತ್ತ ನೋಡಿದೆ,’ ಎಂದು ಕೈಮುಗಿದರು. ನಾಚಿಕೆಯಾಯಿತು. ಆದರೂ ನಿಜ ಹೇಳಲಿಲ್ಲ.

ಮನೆಯಲ್ಲಿ ಮಾತ್ರ ಕೊನೆಯವರೆಗೂ ಮುಚ್ಚಿಡಲಾಗಲಿಲ್ಲ. ಅಡುಗೆ ಕಟ್ಟೆಯ ಮೇಲೆ ತಾಟು ಇಟ್ಟುಕೊಂಡು ನಿಂತೇ ರೊಟ್ಟಿ ತಿನ್ನುತ್ತಿದ್ದೆ. ಹೆಂಡತಿ ಒಲೆ ಆರಿಸಿ ನನ್ನ ಕಡೆ ತಿರುಗಿದಳು.

‘ಎಷ್ಟ ದಿನಾತು ಇದು?’

‘ಯಾವುದು?’

‘ನೀವು ಕುಂದ್ರವಲ್ರಿ. ಟೀವಿ ಮುಂದನೂ ಕುಂದ್ರವಲ್ರಿ. ನನಗ ಕಣ್ಣಿಲ್ಲೇನ್ರಿ?’

ಹೇಳಿದೆ. ಎಲ್ಲಿ ನೋವು, ಹೇಗೆ ಉರಿ, ಯಾವ ಹೆದರಿಕೆ, ಎಲ್ಲ. ಅವಳು ಮುಖ ಕಿವುಚದೆ ಕೇಳಿದಳು. ‘ನನಗ ಎರಡನೇ ಹೆರಿಗ್ಯಾಗ ಎಲ್ಲೆಲ್ಲಿ ಹೊಲಿಗಿ ಹಾಕಿದ್ರು ಅಂತ ನಿಮಗ ಹೇಳಿದ್ದೆ. ನೀವು ಇಷ್ಟಕ್ಕ ನಾಲ್ಕ ತಿಂಗಳು ಬಾಯಿ ಮುಚ್ಚಿಕೊಂಡ ಕುಂತೀರಿ,’ ಎಂದಳು. ‘ಕುಂತಿಲ್ಲ, ನಿಂತೇನಿ,’ ಎಂದೆ. ಆಗ ಇಬ್ಬರಿಗೂ ನಗು ಬಂತು.

ಮರುದಿನ ಅವಳೇ ರಜೆ ಹಾಕಿಸಿ ಬೇರೊಬ್ಬ ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ಪೂರ್ತಿ ಕೇಳಿ, ಪರೀಕ್ಷಿಸಿ, ಸೊಂಟದ ಬುಡದಲ್ಲಿ ಹಾಯುವ ನರವೊಂದು ಬಿಗಿದ ಸ್ನಾಯುಗಳ ನಡುವೆ ಒತ್ತಿಹೋಗುತ್ತಿರಬೇಕು ಎಂದರು. ಕೈಯಿಂದಲೇ ಚಿಕಿತ್ಸೆ ಮಾಡುವ ಫಿಜಿಯೋಥೆರಪಿಸ್ಟ್ ಒಬ್ಬರ ವಿಳಾಸ ಬರೆದುಕೊಟ್ಟರು.

ಅದು ಸ್ಟೇಷನ್ ರಸ್ತೆಯ ಒಂದು ಬಟ್ಟೆ ಅಂಗಡಿಯ ಮಹಡಿ. ಹೆಂಡತಿಯೊಂದಿಗೆ ಮೆಟ್ಟಿಲು ಹತ್ತಿ ನೋಡಿದರೆ ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ನಾನು ಬಾಗಿಲಲ್ಲೇ ನಿಂತು, ‘ಗಂಡಸರು ಯಾರೂ ಇಲ್ಲೇನ್ರಿ?’ ಎಂದೆ.

‘ಈ ಕೆಲಸ ಕಲ್ತಾವ್ರು ನನಗ ಗೊತ್ತಿದ್ದಂಗ ಇಲ್ಲಿ ಬ್ಯಾರೆ ಯಾರಿಲ್ರಿ,’ ಎಂದರು ಆಕೆ. ‘ಅಕ್ಕಾರು ಒಳಗ ನಿಮ್ಮ ಬಾಜೂನ ಇರ್ಲಿ. ನಿಮಗ ಬ್ಯಾಡ ಅನಿಸಿದ ಕೂಡ್ಲೇ ಹೇಳ್ರಿ, ನಾ ಕೈ ತಗೀತೇನಿ.’

ಒಳಗೆ ಹೋದೆ. ಮೊದಲ ಅರ್ಧ ತಾಸು ಆಕೆ ಬರೀ ಪ್ರಶ್ನೆ ಕೇಳಿದರು. ಆಮೇಲೆ ಮಲಗಿಸಿ, ಹೊಟ್ಟೆಯ ಮೇಲೆ ಅಂಗೈಯಿಟ್ಟು, ಉಸಿರು ಅಲ್ಲಿಗೆ ತರಲು ಹೇಳಿದರು. ನನ್ನಿಂದಾಗಲಿಲ್ಲ. ‘ಯಾರರ ಹೊಡೀತಾರ ಅನ್ನಂಗ ಮೈ ಬಿಗಿಹಿಡದೀರಿ,’ ಎಂದರು. ನಂತರ ಮಗ್ಗುಲಾಗಿಸಿ, ಸೊಂಟದ ಕೀಲಿನ ಹಿಂದೆ ಬೆರಳೂರಿ ನಿಧಾನವಾಗಿ ಒಳಗೆ ಒತ್ತಿದರು. ಅದೇ ಉರಿ, ಅದೇ ದಾರಿ ಹಿಡಿದು ಇಳಿಯಿತು.

‘ಇದ ಏನ್ರಿ ನಿಮ್ಮ ನೋವು?’

‘ಇದ,’ ಎಂದೆ. ಯಂತ್ರಕ್ಕೂ ಸಿಗದ ನೋವು ಒಬ್ಬರ ಬೆರಳಿಗೆ ಸಿಕ್ಕಿತ್ತು. ನಾನು ಸುಳ್ಳು ಹೇಳುತ್ತಿಲ್ಲ ಎಂಬುದು ನನಗೇ ಆಗ ಖಾತ್ರಿಯಾಯಿತು. ಆಕೆ ಬೆರಳು ತೆಗೆಯದೆ ಕಾದರು. ಒಂದೆರಡು ನಿಮಿಷದಲ್ಲಿ ಆ ಜಾಗ ಮೆತ್ತಗಾಗಿ, ಉರಿ ಇಳಿಯಿತು.

ವಾರಕ್ಕೆ ಎರಡು ಸಲ ಹೋಗುತ್ತಿದ್ದೆವು. ಮೂರನೇ ವಾರಕ್ಕೆ ಇಪ್ಪತ್ತು ನಿಮಿಷ ಕೂರಲು ಬಂತು. ಅದೇ ಹುರುಪಿನಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆಂದು ಮತ್ತೆ ಬೈಕು ತೆಗೆದು ಬಬಲೇಶ್ವರಕ್ಕೆ ಹೋಗಿಬಂದೆ. ಮರುದಿನ ಉರಿ ಮೊದಲಿನಷ್ಟೇ. ಎಲ್ಲ ಮುಗಿಯಿತು ಎಂದುಕೊಂಡು ತಲೆ ತಗ್ಗಿಸಿ ಮೆಟ್ಟಿಲು ಹತ್ತಿದೆ.

ಬಬಲೇಶ್ವರದ ಸವಾರಿಯ ವಿಷಯ ಕೇಳಿ ಆಕೆ ಬೈಯಲಿಲ್ಲ. ‘ನಮ್ಮೂರಿಗೇ ಹೋಗಿದ್ರೇನು? ಆ ರಸ್ತೆ ನನಗ ಗೊತ್ತೈತ್ರಿ,’ ಎಂದು ನಕ್ಕರು. ‘ನರ ಸಾವಕಾಶ ಸಮಾಧಾನ ಆಗ್ತೈತಿ. ಹಿಂದ ಬಂದೇವಿ, ಆದ್ರ ಶುರುವಿಗೆ ಬಂದಿಲ್ಲ.’ ಒತ್ತಿ ನೋಡಿದಾಗ ಅದು ನಿಜವಾಗಿತ್ತು; ಬಿಗಿ ಮೊದಲ ಸಲಕ್ಕಿಂತ ಬೇಗ ಸಡಿಲಿತು.

ಬೈಕಿನ ಆಸೆ ಬಿಟ್ಟು ಮತ್ತೆ ಬಸ್ಸೇ ಹಿಡಿದೆ. ಬೆಳಿಗ್ಗೆ ಹೆಂಡತಿಯೊಂದಿಗೆ ಭೂತನಾಳ ಕೆರೆಯ ಕಡೆ ನಡೆಯುವುದು, ಮಲಗಿ ಹೊಟ್ಟೆಗೆ ಉಸಿರು ತರುವುದು ರೂಢಿಯಾಯಿತು. ಒಂದು ದಿನ ತಿಕೋಟಾ ಬಸ್ಸಿನಲ್ಲಿ ಸೀಟು ಖಾಲಿಯಿತ್ತು. ಕೂತೆ. ಕಂಡಕ್ಟರ್ ‘ಇಳೀರಿ, ತಿಕೋಟಾ ಬಂತು,’ ಎನ್ನುವವರೆಗೂ ನನಗೆ ನೋವಿನ ನೆನಪೇ ಆಗಲಿಲ್ಲ. ನೋವು ಶುರುವಾಗಿ ಅಷ್ಟೊತ್ತಿಗೆ ಎಂಟು ತಿಂಗಳಾಗಿತ್ತು.

ಪೂರ್ತಿ ಹೋಗಿದೆ ಎನ್ನಲಾರೆ. ಚಳಿಗಾಲದಲ್ಲಿ, ಕೆಲಸ ಹೆಚ್ಚಾದಾಗ, ಸಣ್ಣಗೆ ತಲೆಯೆತ್ತುತ್ತದೆ. ಈಗ ನನಗೆ ಅದರ ಭಯವಿಲ್ಲ.

ಆ ಹೆಣ್ಣುಮಗಳು ಈಗ ವಾರಕ್ಕೆರಡು ದಿನ ಬಬಲೇಶ್ವರದ ತವರುಮನೆಯ ಮುಂದಿನ ಕೋಣೆಯಲ್ಲೂ ಚಿಕಿತ್ಸೆ ಕೊಡುತ್ತಾರೆ. ಶಹರಕ್ಕೆ ಬರಲಾಗದ ಹೆಂಗಸರಿಗೆ ಅನುಕೂಲವಾಗಲೆಂದು. ಹೋದ ತಿಂಗಳು ನಾವಿಬ್ಬರೂ ತಿಕೋಟಾದ ಒಣದ್ರಾಕ್ಷಿ ತೆಗೆದುಕೊಂಡು ಅಲ್ಲಿಗೆ ಹೋಗಿದ್ದೆವು. ಕಟ್ಟೆಯ ಮೇಲೆ ನಾಲ್ಕು ಹೆಂಗಸರು ಕಾಯುತ್ತಿದ್ದರು. ಆಕೆ ಚೀಲ ಬಿಚ್ಚಿ ಮೊದಲು ಅವರ ಕೈಗೆ ಒಂದೊಂದು ಹಿಡಿ ಹಾಕಿದರು. ಆಮೇಲೆ ನನ್ನ ಕಡೆ ನೋಡಿ, ‘ಉಸುರಿನ ವ್ಯಾಯಾಮ ದಿನಾ ಮಾಡ್ತೀರಲ್ರಿ?’ ಎಂದರು.

‘ದಿನಾ ಮಾಡ್ತೇನ್ರಿ.’

‘ಸುಳ್ಳ ಐತ್ರಿ,’ ಎಂದಳು ನನ್ನ ಹೆಂಡತಿ.